ಗರಿಕೆಯ ಗುರುತು: ಕಳೆಹುಲ್ಲಿನ ಹೆಸರು ಮತ್ತು ಪ್ರಭೇದಗಳ ಹೊಂದಾಣಿಕೆಯನ್ನು ಕುರಿತು

ಸಾರಾಂಶ

ಗದ್ದೆ, ಹೊಲ, ಬದು, ಅಂಗಳಗಳಲ್ಲೆಲ್ಲ ಬೆಳೆಯುವ ಗರಿಕೆ ಕನ್ನಡಿಗರಿಗೆ ಅತ್ಯಂತ ಪರಿಚಿತವಾದ ಹುಲ್ಲು. ಆದರೂ ಅದನ್ನು ಹೋಲುವ ಇತರ ಕಳೆಗಳಿಂದ ಅದನ್ನು ಬೇರ್ಪಡಿಸಿ ಗುರುತಿಸುವುದು ಭಾವಿಸಿದಷ್ಟು ಸುಲಭವಲ್ಲ. ನಮ್ಮ ನಿಘಂಟುಗಳ ‘ಒಂದು ಬಗೆಯ ಹುಲ್ಲು’ ಎಂಬ ವಿವರಣೆಯೂ ಈ ಕೆಲಸಕ್ಕೆ ನೆರವಾಗುವುದಿಲ್ಲ. ಮೈಸೂರು ಜಿಲ್ಲೆಯ ಹೆಮ್ಮಿಗೆಯ ಪರಿಸರವನ್ನು ಮುಂದಿರಿಸಿಕೊಂಡು ಈ ಲೇಖನವು ‘ಕಳೆ’, ‘ಹುಲ್ಲು’, ‘ಗರಿಕೆ’ ಎಂಬ ಪದಗಳ ಅರ್ಥವ್ಯಾಪ್ತಿಯನ್ನು ಪರಿಶೀಲಿಸುತ್ತದೆ. ಗರಿಕೆಯನ್ನು ಗುರುತಿಸುವ ಲಕ್ಷಣಗಳನ್ನು ವಿವರಿಸುತ್ತದೆ. ಜನಪದ ಸಸ್ಯನಾಮಗಳನ್ನು ಪ್ರಭೇದಗಳೊಡನೆ ಹೊಂದಿಸುವಾಗ ಕ್ಷೇತ್ರಭಾಷಾವಿಜ್ಞಾನಿಯು ಪಾಲಿಸಬೇಕಾದ ಕ್ರಮವನ್ನು ಸೂಚಿಸುತ್ತದೆ.

ಕೀಲಿಪದಗಳು: ಜನಪದ ವರ್ಗೀಕರಣ, ಸಸ್ಯನಾಮ, ಗರಿಕೆ, ಕಳೆ, ನಿಘಂಟುರಚನೆ, ಮೈಸೂರು ಕನ್ನಡ

1. ಪ್ರಸ್ತಾವನೆ

ಹೆಮ್ಮಿಗೆಯ ಗದ್ದೆಬಯಲಿನಲ್ಲಿ ಕೃಷಿಪದಗಳನ್ನು ಸಂಗ್ರಹಿಸುತ್ತಿದ್ದಾಗ ನಮ್ಮಿಂದ ಒಂದು ತಪ್ಪು ನಡೆಯಿತು. ಬದುವಿನ ಮೇಲೆ ಬೆಳೆದಿದ್ದ ಒಂದು ಹುಲ್ಲನ್ನು ತೋರಿಸಿ, “ಇದು ಗರಿಕೆ ಅಲ್ಲವೇ?” ಎಂದು ಇಬ್ಬರನ್ನು ಕೇಳಿದೆವು. ಇಬ್ಬರೂ ‘ಹೂಂ’ ಎಂದರು. ನಾವು ‘ಗರಿಕೆ’ ಎಂದು ಬರೆದುಕೊಂಡೆವು. ಕಳೆ ಕೀಳುತ್ತಿದ್ದ ಹಿರಿಯ ಹೆಂಗಸೊಬ್ಬರು ಮಾತ್ರ ಆ ಗಿಡದತ್ತ ನೋಡಿ, “ಗರ್ಕೆ ಅಲ್ಲ ಕಣವ್ವ, ಕಿತ್ ನೋಡು” ಎಂದರು. ಕಿತ್ತೆವು, ಬರಲಿಲ್ಲ. ಬುಡ ಚಪ್ಪಟೆಯಾಗಿ, ಬೆಳ್ಳಗೆ, ನೆಲವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಅದು ಕಾಡುರಾಗಿ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಎಲ್ಯುಸಿನ್ ಇಂಡಿಕಾ.

ಈ ಘಟನೆಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ನಮ್ಮ ಪ್ರಶ್ನೆಯೇ ಉತ್ತರವನ್ನು ಒಳಗೊಂಡಿತ್ತು. ಪರಸ್ಥಳದಿಂದ ಬಂದ, ಓದಿದವರೆನಿಸಿಕೊಂಡ ವ್ಯಕ್ತಿಯ ಮಾತನ್ನು ಅಲ್ಲಗಳೆಯದಿರುವುದು ನಮ್ಮ ಹಳ್ಳಿಗಳ ಸಾಮಾನ್ಯ ಸೌಜನ್ಯ. ಆ ‘ಹೂಂ’ ಮಾತಿಗೆ ಕೊಟ್ಟ ಮರ್ಯಾದೆಯೇ ಹೊರತು ಗಿಡವನ್ನು ಕುರಿತ ಸಾಕ್ಷ್ಯವಲ್ಲ. ಎರಡನೆಯದು, ಹುಲ್ಲಿನ ಹೆಸರನ್ನು ತೀರ್ಮಾನಿಸಿದ್ದು ಕಣ್ಣಲ್ಲ, ಕೈ. ನಾವು ತೆನೆಯನ್ನು ನೋಡಿ ಹೆಸರಿಟ್ಟಿದ್ದೆವು. ಅವರು ಬೇರನ್ನು ನೆನೆದು ಹೆಸರಿಟ್ಟರು.

ಮೂರನೆಯವರು ಅಲ್ಲಿ ಇಲ್ಲದೆ ಹೋಗಿದ್ದರೆ ಒಂದು ತಪ್ಪು ನಮೂದು ನಮ್ಮ ಪದಪಟ್ಟಿಯನ್ನು ಸೇರುತ್ತಿತ್ತು; ಅಲ್ಲಿಂದ ಮುಂದೆ ಅದು ನಿಘಂಟನ್ನೋ ಕೃಷಿಕೈಪಿಡಿಯನ್ನೋ ಸೇರುವುದು ಅಸಾಧ್ಯವೇನಲ್ಲ. ಪ್ರಸ್ತುತ ಲೇಖನಕ್ಕೆ ಈ ಪ್ರಸಂಗವೇ ಪ್ರೇರಣೆ.

2. ‘ಕಳೆ’ ಮತ್ತು ‘ಹುಲ್ಲು’

ಮೊದಲು ಎರಡು ಸಾಮಾನ್ಯ ಪದಗಳನ್ನು ಪರಿಶೀಲಿಸಬೇಕು. ‘ಕಳೆ’ ಎಂಬ ನಾಮಪದವು ‘ತೆಗೆದುಹಾಕು, ನಿವಾರಿಸು’ ಎಂಬ ಅರ್ಥದ ‘ಕಳೆ’ ಕ್ರಿಯಾಪದದೊಡನೆ ಒಂದೇ ಮೂಲದ್ದು. ತಮಿಳಿನ ‘ಕಳೈ’ ಸಹ ನಾಮಪದವಾಗಿಯೂ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ಮಲಯಾಳಂನಲ್ಲಿ ‘ಕಳ’ ಎಂಬ ರೂಪವಿದೆ. ‘ಕಾಲ ಕಳೆ’ ಎಂಬಲ್ಲಿನ ಕ್ರಿಯಾಪದ ಹಳಗನ್ನಡದ ‘ೞ’ಕಾರದಿಂದ ಬಂದದ್ದು, ‘ಮುಖದ ಕಳೆ’ ಸಂಸ್ಕೃತದ ‘ಕಲಾ’ ಶಬ್ದದಿಂದ ಬಂದದ್ದು. ಇವೆರಡೂ ಪ್ರಸ್ತುತ ಪದದಿಂದ ಭಿನ್ನ.

ಹೀಗಾಗಿ ‘ಕಳೆ’ ಎಂದರೆ ಕಳೆಯತಕ್ಕದ್ದು, ಅಂದರೆ ಕೀಳಬೇಕಾದದ್ದು. ಅದು ಗಿಡದ ಜಾತಿಯನ್ನು ಹೇಳುವ ಪದವಲ್ಲ. ಗಿಡಕ್ಕೂ ಬೇಸಾಯಗಾರನಿಗೂ ಇರುವ ಸಂಬಂಧವನ್ನು ಹೇಳುವ ಪದ. ಬದುವಿನ ಮೇಲೆ ದನ ಮೇಯುವ ಗರಿಕೆ ಮೇವು. ಅದೇ ಗರಿಕೆ ರಾಗಿಯ ಸಾಲಿಗೆ ಇಳಿದರೆ ಕಳೆ. ಭಾದ್ರಪದದ ಚೌತಿಯ ದಿನ ಗಣಪತಿಯ ಮುಂದೆ ದೂರ್ವೆ. ಗಿಡ ಒಂದೇ, ಸ್ಥಾನ ಮೂರು. ಆದುದರಿಂದ ‘ಇದು ಕಳೆಯೇ?’ ಎಂಬ ಪ್ರಶ್ನೆಯ ಉತ್ತರದಿಂದ ಪ್ರಭೇದವನ್ನು ನಿರ್ಧರಿಸಲಾಗದು.

‘ಹುಲ್ಲು’ ಪದದ ಸ್ಥಿತಿ ಬೇರೆ. ಹಳಗನ್ನಡದ ‘ಪುಲ್’, ಪಕಾರವು ಹಕಾರವಾಗಿ ‘ಹುಲ್ಲು’ ಆಯಿತು. ಮೈಸೂರು ಸೀಮೆಯ ಆಡುಮಾತಿನಲ್ಲಿ ಪದಾದಿಯ ಹಕಾರವೂ ಲೋಪವಾಗಿ ‘ಉಲ್ಲು’ ಎಂಬ ರೂಪ ಕೇಳಿಬರುತ್ತದೆ. ಭತ್ತದ ಒಣಹುಲ್ಲಿಗೆ ಈ ಭಾಗದ ಹೆಸರು ‘ನೆಲ್ಲುಲ್ಲು’. ಭತ್ತ ಎಂಬರ್ಥದ ಹಳೆಯ ‘ನೆಲ್’ ಶಬ್ದವು ಸ್ವತಂತ್ರ ಪದವಾಗಿ ಇಲ್ಲಿ ಬಳಕೆ ತಪ್ಪಿದ್ದರೂ ಈ ಸಮಾಸದಲ್ಲಿ ಉಳಿದುಕೊಂಡಿದೆ. ಇದೇ ಸಮಾಸವು ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ: ‘ಹುಲ್ಲು’ ಎಂಬುದು ಬೆಳೆದು ನಿಂತ ಹಸಿರು ಗಿಡವನ್ನಷ್ಟೇ ಅಲ್ಲದೆ, ತೆನೆ ಬಿಡಿಸಿದ ಮೇಲೆ ಉಳಿಯುವ ದನದ ಮೇವನ್ನೂ ಸೂಚಿಸುತ್ತದೆ. ‘ರಾಗಿಹುಲ್ಲು’ ಎಂದರೆ ರಾಗಿಯ ಪೈರಲ್ಲ.

ದ್ರಾವಿಡ ಭಾಷಿಕರ ವರ್ಗೀಕರಣಪ್ರಜ್ಞೆಯ ಹಳೆಯ ದಾಖಲೆಯೊಂದು ತಮಿಳಿನ ತೊಲ್ಕಾಪ್ಪಿಯಂನಲ್ಲಿದೆ. ಅದರ ಮರಬಿಯಲ್ ಎಂಬ ಭಾಗವು ಹೊರಭಾಗ ಗಟ್ಟಿಯಾಗಿರುವ ಸಸ್ಯಗಳನ್ನು ‘ಪುಲ್’ ಎಂದೂ ಒಳಭಾಗ ಗಟ್ಟಿಯಾಗಿರುವವನ್ನು ‘ಮರಂ’ ಎಂದೂ ವಿಂಗಡಿಸುತ್ತದೆ. ಈ ಲಕ್ಷಣದ ಪ್ರಕಾರ ತೆಂಗು, ಬಿದಿರುಗಳೂ ‘ಪುಲ್’ ವರ್ಗಕ್ಕೆ ಸೇರುತ್ತವೆ. ಇಂದಿನ ಕನ್ನಡದ ‘ಹುಲ್ಲು’ ಅಷ್ಟು ವಿಶಾಲವಲ್ಲ. ಒಂದೇ ಮೂಲದ ಪದವು ಬೇರೆ ಬೇರೆ ಕಾಲ, ಸಂದರ್ಭಗಳಲ್ಲಿ ಬೇರೆ ಬೇರೆ ಗಡಿಗಳನ್ನು ಹೊಂದಬಲ್ಲದೆಂಬುದಕ್ಕೆ ಇದು ನಿದರ್ಶನ.

ಬ್ರೆಂಟ್ ಬರ್ಲಿನ್, ಡೆನ್ನಿಸ್ ಬ್ರೀಡ್‌ಲವ್ ಮತ್ತು ಪೀಟರ್ ರೇವನ್ 1973ರಲ್ಲಿ ಮಂಡಿಸಿದ ಜನಪದ ಜೀವಿವರ್ಗೀಕರಣದ ತತ್ತ್ವಗಳ ಪ್ರಕಾರ ‘ಹುಲ್ಲು’, ‘ಮರ’, ‘ಬಳ್ಳಿ’ಗಳು ಜೀವರೂಪದ ಸ್ತರಕ್ಕೆ ಸೇರುತ್ತವೆ, ‘ಗರಿಕೆ’ಯಂತಹ ಹೆಸರುಗಳು ಅದರ ಕೆಳಗಿನ ಮೂಲಜಾತಿಯ ಸ್ತರಕ್ಕೆ ಸೇರುತ್ತವೆ. ಈ ಎರಡನೆಯ ಸ್ತರದ ಹೆಸರುಗಳು ಸಾಮಾನ್ಯವಾಗಿ ಸರಳಪದಗಳಾಗಿದ್ದು, ಮಕ್ಕಳು ಮೊದಲು ಕಲಿಯುವ ಸಸ್ಯನಾಮಗಳಾಗಿರುತ್ತವೆ. ‘ಗರಿಕೆ’ ಈ ಲಕ್ಷಣಕ್ಕೆ ಸರಿಹೊಂದುತ್ತದೆ.

3. ‘ಗರಿಕೆ’: ರೂಪಭೇದಗಳು

ಹೆಮ್ಮಿಗೆಯ ಕಡೆ ‘ಗರ್ಕೆ’, ಶಿಷ್ಟರೂಪದಲ್ಲಿ ‘ಗರಿಕೆ’ ಅಥವಾ ‘ಗರುಕೆ’, ಉತ್ತರ ಕರ್ನಾಟಕದಲ್ಲಿ ‘ಕರಕಿ’. ತೆಲುಗಿನಲ್ಲಿ ‘ಗರಿಕ’, ಮಲಯಾಳಂನಲ್ಲಿ ‘ಕರುಕ’, ತಮಿಳಿನಲ್ಲಿ ‘ಅಱುಗು’ ಅಥವಾ ‘ಅಱುಗಂಪುಲ್’. ಉತ್ತರ ಕರ್ನಾಟಕದ ತ್ರಿಪದಿಗಳಲ್ಲಿ ತವರಿನ ವಂಶ ಹಬ್ಬಲೆಂದು ಹರಸುವಾಗ ಈ ಹುಲ್ಲಿನ ಕುಡಿ ಉಪಮಾನವಾಗಿ ಬರುತ್ತದೆ. ಆ ಉಪಮಾನಕ್ಕೆ ಆಧಾರವಾದ ಗುಣವು, ಮುಂದೆ ನೋಡುವಂತೆ, ಗಿಡದ ಗುರುತಿನ ಮುಖ್ಯ ಲಕ್ಷಣವೂ ಹೌದು.

‘ಗರಿಯಂತಹ ಎಲೆಯುಳ್ಳದ್ದರಿಂದ ಗರಿಕೆ’ ಎಂಬ ವಿವರಣೆ ಆಕರ್ಷಕವಾಗಿ ತೋರುತ್ತದೆ. ಆದರೆ ಅದನ್ನು ಒಪ್ಪುವ ಮೊದಲು ಕಕಾರಾದಿಯಾದ ‘ಕರಕಿ’, ‘ಕರುಕ’ ರೂಪಗಳಿಗೆ ಸಮಾಧಾನ ಹೇಳಬೇಕಾಗುತ್ತದೆ. ಪದಾದಿಯ ಅಘೋಷ ವ್ಯಂಜನ ಘೋಷವಾಗುವ ಪ್ರವೃತ್ತಿ ಕನ್ನಡ, ತೆಲುಗುಗಳೆರಡರಲ್ಲೂ ಕಾಣಿಸುವುದರಿಂದ ‘ಕ’ಕಾರದ ರೂಪವೇ ಹಳೆಯದಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದಲ್ಲಿ ‘ಗರಿ’ಯ ಸಂಬಂಧವು ನಂತರ ಕಲ್ಪಿತವಾದ ಜನಪದ ನಿಷ್ಪತ್ತಿಯಾಗುತ್ತದೆ. ಆದಿವ್ಯಂಜನವೇ ಇಲ್ಲದ ತಮಿಳು ರೂಪವನ್ನು ಇವುಗಳೊಡನೆ ಸೇರಿಸಲು ಕೇವಲ ಧ್ವನಿಸಾಮ್ಯ ಸಾಲದು. ಪ್ರಸ್ತುತ ನಮಗೆ ಮುಖ್ಯವಾದ ಅಂಶವಿಷ್ಟೆ: ಈ ರೂಪಗಳೆಲ್ಲವೂ ಒಂದೇ ಸಸ್ಯವನ್ನು, ಅಂದರೆ ಸೈನೊಡಾನ್ ಡ್ಯಾಕ್ಟಿಲಾನ್ ಪ್ರಭೇದವನ್ನು ಸೂಚಿಸುತ್ತವೆ.

ಲ್ಯಾಟಿನ್ ಹೆಸರಿಗೂ ಚರಿತ್ರೆಯಿದೆ. ಲಿನೇಯಸ್ 1753ರಲ್ಲಿ ಈ ಹುಲ್ಲನ್ನು ಪ್ಯಾನಿಕಮ್ ಡ್ಯಾಕ್ಟಿಲಾನ್ ಎಂದು ಹೆಸರಿಸಿದನು. 1805ರಲ್ಲಿ ಪರ್ಸೂನ್ ಅದನ್ನು ಸೈನೊಡಾನ್ ಕುಲಕ್ಕೆ ಸೇರಿಸಿದನು. ಗ್ರೀಕ್ ಮೂಲದ ಈ ಪದಗಳಲ್ಲಿ ಮೊದಲನೆಯದರ ಅರ್ಥ ‘ನಾಯಿಹಲ್ಲು’. ಎರಡನೆಯದು ‘ಬೆರಳು’ ಎಂಬ ಪದದಿಂದ ಬಂದದ್ದು. ಕಾಂಡದ ಮೇಲಿನ ಹಲ್ಲಿನಂತಹ ಗಡಸು ಪೊರೆಗಳನ್ನೂ ಬೆರಳುಗಳಂತೆ ಹರಡಿದ ತೆನೆಗಳನ್ನೂ ಈ ಹೆಸರು ಸೂಚಿಸುತ್ತದೆ. ಆದರೆ ಬೆರಳಿನಂತಹ ತೆನೆ ಗರಿಕೆಯೊಂದರ ಸೊತ್ತಲ್ಲ. ನಮ್ಮ ತಪ್ಪು ಹುಟ್ಟಿದ್ದು ಅಲ್ಲಿಯೇ.

4. ಗಿಡವನ್ನು ಗುರುತಿಸುವ ಕ್ರಮ

ಹೆಮ್ಮಿಗೆಯ ಸುತ್ತಿನ ಬೇಸಾಯ ಎರಡು ಬಗೆಯದು: ಕಾವೇರಿ, ಕಬಿನಿಗಳ ನಾಲೆಗಳ ನೀರುಣ್ಣುವ ಭತ್ತ, ಕಬ್ಬಿನ ಗದ್ದೆಗಳು ಒಂದು ಕಡೆ, ಮಳೆಯನ್ನು ನೆಚ್ಚಿದ ರಾಗಿಯ ಹೊಲಗಳು ಇನ್ನೊಂದು ಕಡೆ. ಹೀಗಾಗಿ ನೀರಿನ ಕಳೆ, ಒಣಭೂಮಿಯ ಕಳೆ ಎರಡೂ ಬದುವಿನ ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ. ಗುರುತಿಸುವ ಕೆಲಸವನ್ನು ಮೂರು ಹಂತಗಳಲ್ಲಿ ಮಾಡುವುದು ಅನುಕೂಲ.

ಮೊದಲ ಹಂತದಲ್ಲಿ ಅದು ನಿಜವಾಗಿ ಹುಲ್ಲಿನ ಕುಟುಂಬಕ್ಕೆ ಸೇರಿದ್ದೇ ಎಂಬುದನ್ನು ನೋಡಬೇಕು. ಕಾಂಡವನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊರಳಿಸಿದರೆ ಹುಲ್ಲಿನ ಕಾಂಡ ದುಂಡಾಗಿ ಅಥವಾ ಚಪ್ಪಟೆಯಾಗಿ ತೋರುತ್ತದೆ, ಅದರಲ್ಲಿ ಗೆಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಿನಲ್ಲಿರುತ್ತವೆ. ಕೊನ್ನಾರಿ, ತುಂಗೆ, ಜೇಕು ಎಂದು ಕರೆಯಲಾಗುವ ಸೈಪರಸ್ ರೊಟಂಡಸ್‌ನ ಕಾಂಡ ಮೂರು ಮೂಲೆಯದು, ಒಳಗೆ ಟೊಳ್ಳಿಲ್ಲ, ಎಲೆಗಳು ಮೂರು ಸಾಲಿನಲ್ಲಿರುತ್ತವೆ. ಮಣ್ಣಿನೊಳಗೆ ಕಪ್ಪು ಬಣ್ಣದ, ಪರಿಮಳವುಳ್ಳ ಗೆಡ್ಡೆಗಳು ಸರಪಳಿಯಂತೆ ಬೆಳೆದಿರುತ್ತವೆ. ಎಲೆ ಹಿಡಿದು ಎಳೆದರೆ ಮೇಲಿನ ಭಾಗ ಕೈಗೆ ಬಂದು ಗೆಡ್ಡೆ ನೆಲದಲ್ಲೇ ಉಳಿಯುತ್ತದೆ. ಉಳಿದ ಗೆಡ್ಡೆ ಮತ್ತೆ ಚಿಗುರುತ್ತದೆ.

ಎರಡನೆಯ ಹಂತದಲ್ಲಿ ಗಿಡ ಹೇಗೆ ಹರಡುತ್ತದೆಂಬುದನ್ನು ನೋಡಬೇಕು. ಗರಿಕೆ ನೆಲದ ಮೇಲೆ ಕುಡಿಗಳಾಗಿಯೂ ನೆಲದೊಳಗೆ ಗಡಸು ಕಾಂಡಗಳಾಗಿಯೂ ಹಬ್ಬುತ್ತದೆ. ಮೇಲಿನ ಕುಡಿಯನ್ನು ಎಳೆದರೆ ಗೆಣ್ಣುಗಣ್ಣಿಗೂ ಬೇರು ಬಿಟ್ಟಿರುವುದು ತಿಳಿಯುತ್ತದೆ. ಅದು ಸರಸರನೆ ಒಂದಷ್ಟು ದೂರ ಎದ್ದು ಬಂದು ಎಲ್ಲೋ ಒಂದು ಗೆಣ್ಣಿನಲ್ಲಿ ತುಂಡಾಗುತ್ತದೆ. ಉಳಿದ ತುಂಡು ಹೊಸ ಗಿಡವಾಗುತ್ತದೆ. ಕಾಡುರಾಗಿಗೆ ಇಂತಹ ಕುಡಿಯಿಲ್ಲ. ಅದು ಗುತ್ತಿಯಾಗಿ ಬೆಳೆಯುತ್ತದೆ. ಬುಡ ಚಪ್ಪಟೆ ಮತ್ತು ಬಿಳಿ. ಬೇರಿನ ಹಿಡಿತ ಬಲು ಬಿಗಿ. “ಕಿತ್ ನೋಡು” ಎಂಬ ಮಾತಿನ ಅರ್ಥ ಇದೇ.

ಮೂರನೆಯ ಹಂತ ತೆನೆ ಮತ್ತು ಎಲೆಯ ಸೂಕ್ಷ್ಮಪರೀಕ್ಷೆ. ಗರಿಕೆಯ ತೆನೆಗಳು ಸಾಮಾನ್ಯವಾಗಿ ಮೂರರಿಂದ ಆರು, ಎಲ್ಲವೂ ಒಂದೇ ಬಿಂದುವಿನಿಂದ ಹೊರಡುತ್ತವೆ, ಎಳೆಯಂತೆ ಸಪುರವಾಗಿರುತ್ತವೆ. ಎಲೆಯ ಅಲಗು ಮತ್ತು ಪೊರೆ ಕೂಡುವೆಡೆಯ ಎಲೆನಾಲಗೆಯು ಕಿರುರೋಮಗಳ ಸಾಲಾಗಿ ಕಾಣುತ್ತದೆ. ಕಾಡುರಾಗಿಯ ತೆನೆಗಳು ಹೆಚ್ಚು ದಪ್ಪ. ಹಲವು ಬಾರಿ ಒಂದು ತೆನೆ ಉಳಿದವುಗಳಿಗಿಂತ ಸ್ವಲ್ಪ ಕೆಳಗೆ ಒಂಟಿಯಾಗಿ ಹುಟ್ಟಿರುತ್ತದೆ. ಗರಿಕೆಯ ಒಂದು ಕಿರುತೆನೆಯಲ್ಲಿ ಒಂದೇ ಹೂವಿದ್ದರೆ ಕಾಡುರಾಗಿಯದರಲ್ಲಿ ಹಲವು ಹೂಗಳಿರುತ್ತವೆ. ಡ್ಯಾಕ್ಟಿಲೊಕ್ಟೀನಿಯಮ್ ಈಜಿಪ್ಟಿಯಮ್ ಎಂಬ ಮತ್ತೊಂದು ಹುಲ್ಲಿನ ಗೆಣ್ಣುಗಳೂ ನೆಲ ಮುಟ್ಟಿದಲ್ಲಿ ಬೇರು ಬಿಡುವುದರಿಂದ ಗೊಂದಲವಾಗಬಹುದು. ಅದರ ತೆನೆಗಳು ಗಿಡ್ಡ ಮತ್ತು ದಪ್ಪ. ಪ್ರತಿಯೊಂದರ ತುದಿಯಲ್ಲೂ ದಂಟು ಮುಳ್ಳಿನಂತೆ ಬೋಳಾಗಿ ಚಾಚಿರುತ್ತದೆ.

ನಾಲಗೆಯ ಪರೀಕ್ಷೆಯು ಭತ್ತದ ಒಟ್ಟಲಿನಲ್ಲಿ ಇನ್ನೂ ಉಪಯುಕ್ತ. ಎಕೈನೊಕ್ಲೋವಾ ಕುಲದ ಹುಲ್ಲುಗಳು ಎಳೆಯದರಲ್ಲಿ ಭತ್ತದ ಸಸಿಯನ್ನೇ ಹೋಲುತ್ತವೆ. ಸಸಿಯೊಡನೆ ಕಿತ್ತು ಬಂದು ನಾಟಿಯಾಗಿಬಿಡುತ್ತವೆ. ಭತ್ತಕ್ಕೆ ಎಲೆನಾಲಗೆಯಿದೆ, ಈ ಎರಡು ಸಾಮಾನ್ಯ ಕಳೆಗಳಾದ ಎಕೈನೊಕ್ಲೋವಾ ಕೊಲೊನಾ ಮತ್ತು ಎಕೈನೊಕ್ಲೋವಾ ಕ್ರಸ್‌ಗ್ಯಾಲಿಗಳಿಗೆ ಅದಿಲ್ಲ. ಎಲೆಯನ್ನು ಕಾಂಡದಿಂದ ತುಸು ಹಿಂದಕ್ಕೆ ಬಾಗಿಸಿ ನೋಡಿದರೆ ಸಾಕು.

ಹೋಮ್ ಮತ್ತು ಸಹಲೇಖಕರು 1977ರಲ್ಲಿ ಪ್ರಕಟಿಸಿದ, ಜಗತ್ತಿನ ಅತಿ ಹಾನಿಕರ ಕಳೆಗಳನ್ನು ಕುರಿತ ಗ್ರಂಥದಲ್ಲಿ ಮೊದಲ ಐದು ಸ್ಥಾನಗಳು ಕ್ರಮವಾಗಿ ಕೊನ್ನಾರಿ, ಗರಿಕೆ, ಮೇಲೆ ಹೇಳಿದ ಎಕೈನೊಕ್ಲೋವಾ ಕ್ರಸ್‌ಗ್ಯಾಲಿ, ಎಕೈನೊಕ್ಲೋವಾ ಕೊಲೊನಾ ಮತ್ತು ಕಾಡುರಾಗಿಗಳಿಗೆ ಸಂದಿವೆ. ಒಂದು ಹಳ್ಳಿಯ ಬದುವಿನ ಮೇಲಿನ ಗೊಂದಲವು ಹಾಗಾಗಿ ಹಳ್ಳಿಯೊಂದರ ಗೊಂದಲವಷ್ಟೇ ಅಲ್ಲ.

5. ‘ಕಾಡುರಾಗಿ’ ರಾಗಿಯೇ?

ಹೆಸರಿನ ರಚನೆಯನ್ನು ನೋಡಿದರೆ ‘ಕಾಡುರಾಗಿ’ ಒಂದು ಬಗೆಯ ರಾಗಿಯೆಂದು ತೋರುತ್ತದೆ. ಆದರೆ ಭಾಷಿಕರ ಬಳಕೆಯನ್ನು ಪರೀಕ್ಷಿಸಿದಾಗ ಬೇರೆಯೇ ಚಿತ್ರ ಸಿಗುತ್ತದೆ. ‘ಗರಿಕೆ ಒಂದು ಬಗೆಯ ಹುಲ್ಲು’ ಎಂಬ ವಾಕ್ಯ ಸಹಜ. ‘ಕಾಡುರಾಗಿ ಒಂದು ಬಗೆಯ ರಾಗಿ’ ಎಂಬ ವಾಕ್ಯ ಬೇಸಾಯಗಾರನ ಕಿವಿಗೆ ಸಹಜವಲ್ಲ. ಬೀಸಿ ಮುದ್ದೆ ಮಾಡಲಾಗದ್ದು ರಾಗಿಯಲ್ಲ. ಇಲ್ಲಿ ‘ಕಾಡು’ ಎಂಬ ವಿಶೇಷಣವು ಅರಣ್ಯವನ್ನು ಹೇಳುತ್ತಿಲ್ಲ. ಈ ಹುಲ್ಲು ಬೆಳೆಯುವುದು ಉತ್ತ ಹೊಲದಲ್ಲಿ, ದಾರಿಯ ಅಂಚಿನಲ್ಲಿ. ‘ಸಾಕಿದ್ದಲ್ಲ, ತಾನಾಗಿ ಬಂದದ್ದು’ ಎಂಬುದು ಅದರ ಅರ್ಥ. ಅಂದರೆ ಈ ಹೆಸರು ವರ್ಗವನ್ನು ಹೇಳದೆ ಹೋಲಿಕೆಯನ್ನು ಹೇಳುತ್ತದೆ.

ಸಸ್ಯವಿಜ್ಞಾನವು ಈ ಹೋಲಿಕೆಯನ್ನು ಬಾಂಧವ್ಯವೆಂದೇ ದೃಢಪಡಿಸುತ್ತದೆ. ರಾಗಿ ಮತ್ತು ಕಾಡುರಾಗಿ ಎರಡೂ ಎಲ್ಯುಸಿನ್ ಕುಲಕ್ಕೆ ಸೇರಿವೆ. ರಾಗಿಯಲ್ಲಿ 36 ವರ್ಣತಂತುಗಳಿದ್ದರೆ ಕಾಡುರಾಗಿಯಲ್ಲಿ 18. ರಾಗಿಯ ಎರಡು ಜೀನೋಮ್‌ಗಳಲ್ಲಿ ಒಂದು ಕಾಡುರಾಗಿಗೆ ಅತಿ ಸಮೀಪದ್ದೆಂದು ಅಧ್ಯಯನಗಳು ತೋರಿಸಿವೆ. ಜನಪದ ಹೆಸರು ಬಂಧುತ್ವವನ್ನು ಸರಿಯಾಗಿ ಹಿಡಿದಿದೆ. ಅದೇ ಜನ ಬಳಕೆಯಲ್ಲಿ ಎರಡನ್ನೂ ಬೇರೆಯಾಗಿ ಇಟ್ಟಿದ್ದಾರೆ. ಎರಡರಲ್ಲೂ ತಪ್ಪಿಲ್ಲ. ತಪ್ಪು ಮಾಡುವವರು ಹೆಸರಿನ ರಚನೆಯಿಂದಲೇ ವರ್ಗವನ್ನು ಊಹಿಸುವ ನಾವು.

6. ಗುರುತು ತಪ್ಪಿದರೆ

ಕೃಷಿ ಕೈಪಿಡಿಗಳು ಕಳೆಗಳನ್ನು ಹುಲ್ಲುಜಾತಿ, ಜೇಕುಜಾತಿ, ಅಗಲ ಎಲೆಯ ಜಾತಿ ಎಂದು ಮೂರಾಗಿ ವಿಂಗಡಿಸುತ್ತವೆ. ಕಳೆನಾಶಕದ ಆಯ್ಕೆ ಈ ವಿಂಗಡಣೆಯನ್ನೇ ಅವಲಂಬಿಸಿದೆ. ಹುಲ್ಲುಜಾತಿಯ ಮೇಲಷ್ಟೇ ಕೆಲಸ ಮಾಡುವ ಫೆನಾಕ್ಸಾಪ್ರಾಪ್‌ನಂತಹ ಔಷಧಿ ಕೊನ್ನಾರಿಯನ್ನು ಕೊಲ್ಲುವುದಿಲ್ಲ. ಕಬ್ಬಿನ ಗದ್ದೆಯ ಕೊನ್ನಾರಿಗೆ ಬಳಸುವ ಹ್ಯಾಲೊಸಲ್ಫ್ಯೂರಾನ್ ಗರಿಕೆಯನ್ನು ಕೊಲ್ಲುವುದಿಲ್ಲ. ರೈತನ ಮಾತಿನ ‘ಹುಲ್ಲು’ ಒಮ್ಮೊಮ್ಮೆ ಕೊನ್ನಾರಿಯನ್ನೂ ಒಳಗೊಳ್ಳುತ್ತದೆ. ಕೈಪಿಡಿಯ ‘ಹುಲ್ಲು’ ಒಳಗೊಳ್ಳುವುದಿಲ್ಲ. ಅಂಗಡಿಯಲ್ಲಿ ನಿಂತು “ಹುಲ್ಲಿಗೆ ಔಷಧಿ ಕೊಡಿ” ಎಂದು ಕೇಳಿದಾಗ ಈ ಎರಡು ಅರ್ಥಗಳ ನಡುವಿನ ಅಂತರವನ್ನು ರೈತನೇ ತನ್ನ ಹಣದಿಂದ ತುಂಬಿಕೊಡಬೇಕಾಗುತ್ತದೆ. ಜೊತೆಗೆ ಮಣ್ಣಿಗೆ ಬೇಡದ ರಾಸಾಯನಿಕವೂ ಸೇರುತ್ತದೆ.

ಔಷಧಿಯ ಇನ್ನೊಂದು ಅರ್ಥದಲ್ಲೂ ಇದು ನಿಜ. ಗರಿಕೆಯ ರಸವನ್ನು ಮನೆಮದ್ದಾಗಿ ಕುಡಿಯುವವರಿದ್ದಾರೆ. ತೆನೆಯಿಲ್ಲದ ಎಳೆಯ ಹುಲ್ಲನ್ನು ಹೆಸರಿನ ನಂಬಿಕೆಯಿಂದಲೇ ಕೊಯ್ದು ತರುವಾಗ ಕುಡಿ, ಗೆಣ್ಣು, ಎಲೆನಾಲಗೆಗಳನ್ನು ನೋಡುವ ಅಭ್ಯಾಸವಿರಬೇಕು.

ಮತ್ತೊಂದು ನಷ್ಟ ಭಾಷೆಯದು. ಕಳೆಗಳ ಹೆಸರನ್ನು ಹೆಚ್ಚು ಬಲ್ಲವರು ಕಳೆ ಕೀಳುವವರು. ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಹೆಂಗಸರದು. ಸಾಲಿನಲ್ಲಿ ಕುಳಿತು ಒಂದೊಂದೇ ಗಿಡವನ್ನು ಕೈಯಲ್ಲಿ ಹಿಡಿಯುವಾಗ ಹೆಸರು ಬೇಕಾಗುತ್ತದೆ, ಏಕೆಂದರೆ ಪ್ರತಿಯೊಂದನ್ನೂ ಕೀಳುವ ರೀತಿ ಬೇರೆ. ಸಿಂಪಡಿಸುವ ಯಂತ್ರಕ್ಕೆ ಅಷ್ಟು ಹೆಸರುಗಳು ಬೇಡ; ಮೂರು ಸಾಕು. ಕೂಲಿಯ ಕಷ್ಟವನ್ನು ಬಲ್ಲ ಯಾರೂ ಹಳೆಯ ದುಡಿಮೆ ಹಾಗೆಯೇ ಉಳಿಯಲೆಂದು ಬಯಸಲಾರರು. ಆದರೆ ಆ ದುಡಿಮೆಯೊಡನೆ ಸವೆದುಹೋಗುವ ಹೆಸರುಗಳನ್ನು ದಾಖಲಿಸುವ ಹೊಣೆ ನಮ್ಮ ಶಿಸ್ತಿನದು.

7. ದಾಖಲೆಯ ಕ್ರಮ ಮತ್ತು ನಿಘಂಟಿನ ನಮೂದು

ಮೇಲಿನ ಚರ್ಚೆಯಿಂದ ಕೆಲವು ಸೂತ್ರಗಳು ಹೊರಡುತ್ತವೆ. ಒಂದು, ಪ್ರಶ್ನೆಯಲ್ಲಿ ಹೆಸರನ್ನು ಹೇಳಬಾರದು, “ಇದಕ್ಕೆ ಏನಂತೀರಿ?” ಎಂದು ಕೇಳಬೇಕು. ಎರಡು, ಗಿಡದ ಚಿತ್ರವನ್ನಾಗಲಿ ಕೊಯ್ದ ತುದಿಯನ್ನಾಗಲಿ ತೋರಿಸದೆ, ನೆಲದಲ್ಲಿರುವ ಗಿಡದ ಎದುರಿಗೇ ಕೇಳಬೇಕು. ಕಿತ್ತು ನೋಡಲು ಅವಕಾಶವಿರಬೇಕು. ಮೂರು, “ಮತ್ತೊಂದು ಹುಲ್ಲಿನಿಂದ ಇದನ್ನು ಹೇಗೆ ಬೇರೆ ಮಾಡುತ್ತೀರಿ?” ಎಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು, ಹೆಸರಿಗಿಂತ ಈ ಉತ್ತರವೇ ಹಲವು ಬಾರಿ ಹೆಚ್ಚು ಬೆಲೆಯುಳ್ಳದ್ದು. ನಾಲ್ಕು, ಧ್ವನಿಮುದ್ರಣದ ಸಂಖ್ಯೆಯನ್ನೇ ಹೊತ್ತ ಗಿಡದ ಮಾದರಿಯನ್ನು ಬೇರು, ಎಲೆ, ತೆನೆಗಳ ಸಹಿತ ಒತ್ತಿ ಒಣಗಿಸಿ ಸಸ್ಯಶಾಸ್ತ್ರಜ್ಞರಿಂದ ಗುರುತಿಸಿಸಬೇಕು. ರಾವ್ ಮತ್ತು ರಜಿ ಅವರು 1981ರಲ್ಲಿ ಪ್ರಕಟಿಸಿದ ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಈ ಭಾಗದ ಕೆಲಸಕ್ಕೆ ಆಧಾರವಾಗಬಲ್ಲದು. ಮಾದರಿ ಉಳಿದಿದ್ದರೆ ನಮ್ಮ ತಪ್ಪನ್ನು ಮುಂದಿನವರು ತಿದ್ದಬಲ್ಲರು; ಪದ ಮಾತ್ರ ಉಳಿದಿದ್ದರೆ ತಿದ್ದಲು ದಾರಿಯಿಲ್ಲ.

ಕಿಟೆಲ್ ಅವರು 1894ರ ತಮ್ಮ ನಿಘಂಟಿನಲ್ಲಿ ಅನೇಕ ಸಸ್ಯನಾಮಗಳಿಗೆ ಲ್ಯಾಟಿನ್ ಹೆಸರನ್ನು ಕೊಟ್ಟು ಒಳ್ಳೆಯ ಮಾರ್ಗವನ್ನು ಹಾಕಿಕೊಟ್ಟರು. ಆದರೆ ಲ್ಯಾಟಿನ್ ಹೆಸರುಗಳೂ ಬದಲಾಗುವುದರಿಂದ ಅವಷ್ಟೇ ಸಾಲವು. ಗುರುತಿನ ಲಕ್ಷಣವೂ ಬೇಕು. ‘ಗರಿಕೆ’ಗೆ ನಾವು ಸೂಚಿಸುವ ನಮೂದು ಹೀಗಿದೆ:

ಗರಿಕೆ (ನಾ.) ನೆಲದ ಮೇಲೂ ಒಳಗೂ ಹಬ್ಬಿ, ಗೆಣ್ಣುಗಳಲ್ಲಿ ಬೇರು ಬಿಡುವ ಬಹುವಾರ್ಷಿಕ ಹುಲ್ಲು, ಎಳೆದರೆ ಕುಡಿಯಾಗಿ ಎದ್ದು ಗೆಣ್ಣಿನಲ್ಲಿ ತುಂಡಾಗುತ್ತದೆ, ಒಂದೇ ಬಿಂದುವಿನಿಂದ ಹೊರಡುವ ಮೂರರಿಂದ ಆರು ಸಪುರ ತೆನೆಗಳುಳ್ಳದ್ದು. ಸೈನೊಡಾನ್ ಡ್ಯಾಕ್ಟಿಲಾನ್. ರೂಪಾಂತರ: ಗರುಕೆ, ಗರ್ಕೆ, ಕರಕಿ. ಪೂಜಾಸಂದರ್ಭದಲ್ಲಿ: ದೂರ್ವೆ. ಹೋಲಿಸಿ: ಕಾಡುರಾಗಿ, ಕೊನ್ನಾರಿ.

8. ಸಮಾರೋಪ

ಗರಿಕೆಯಂತಹ ಸಾಮಾನ್ಯ ಹುಲ್ಲನ್ನು ಗುರುತಿಸಲು ಸಸ್ಯಶಾಸ್ತ್ರದ ಲಕ್ಷಣಗಳೂ ಬೇಸಾಯಗಾರರ ಅನುಭವವೂ ಒಟ್ಟಿಗೆ ಬೇಕು. ‘ಕಳೆ’ ಎಂಬುದು ಸಂಬಂಧಸೂಚಕ, ‘ಹುಲ್ಲು’ ಸಂದರ್ಭಕ್ಕೆ ತಕ್ಕಂತೆ ಹಿಗ್ಗುವ ಕುಗ್ಗುವ ಜೀವರೂಪದ ಹೆಸರು, ‘ಗರಿಕೆ’ ಖಚಿತವಾದ ಮೂಲಜಾತಿಯ ಹೆಸರು, ‘ಕಾಡುರಾಗಿ’ ಹೋಲಿಕೆಯಿಂದ ಹುಟ್ಟಿದ ಹೆಸರು. ಈ ನಾಲ್ಕು ಬಗೆಗಳನ್ನು ಬೆರೆಸದೆ ದಾಖಲಿಸಿದರೆ ನಮ್ಮ ಪದಕೋಶಗಳು ಓದುಗನಿಗಷ್ಟೇ ಅಲ್ಲ, ಗದ್ದೆಗೆ ಇಳಿಯುವವನಿಗೂ ಉಪಯೋಗಕ್ಕೆ ಬಂದಾವು. ನಮ್ಮ ಟಿಪ್ಪಣಿಯಲ್ಲಿ ಹೊಡೆದುಹಾಕಿದ ‘ಗರಿಕೆ’ ಪದವನ್ನು ನಾವು ಅಳಿಸದೆ ಹಾಗೆಯೇ ಇಟ್ಟಿದ್ದೇವೆ. ಪಕ್ಕದಲ್ಲಿ ತಿದ್ದುಪಡಿಯನ್ನೂ ಅದಕ್ಕೆ ಕಾರಣವಾದ ಪರೀಕ್ಷೆಯನ್ನೂ ಬರೆದಿದ್ದೇವೆ.